ತಂಗಿಯ ಮೇಲ್ತುಟಿಗೆ ತುಂಬಿಸಿದ್ದು

ಸೂರತ್ತಿನ ಒಂದು ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ನನ್ನ ತಂಗಿಯ ಮೇಲ್ತುಟಿಗೆ ಸೂಜಿ ಚುಚ್ಚಿದಾಗ ಪಕ್ಕದಲ್ಲಿ ಕೂತಿದ್ದವಳು ನಾನು. ಚುಚ್ಚುವ ಹೆಂಗಸನ್ನು ಹುಡುಕಿಕೊಟ್ಟವಳೂ ನಾನು. ಅಹಮದಾಬಾದಿನಿಂದ ಬೆಳಗಿನ ರೈಲು ಹತ್ತಿ, ವಡೋದರಾದಲ್ಲಿ ತಂಗಿಯನ್ನು ಹತ್ತಿಸಿಕೊಂಡು, ಸೂರತ್ತಿಗೆ ಕರೆದುಕೊಂಡು ಹೋದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಚೆಗೆ ನಮ್ಮ ನೆಂಟರ ಹುಡುಗಿಯರು ತುಟಿ ತುಂಬಿಸಿಕೊಳ್ಳುವ ಮಾತೆತ್ತಿದರೆ ನಾನು ಎದ್ದು ಕೂಗಾಡುತ್ತೇನೆ. ದೊಡ್ಡಮ್ಮ ಹಳೇ ಕಾಲದವಳು, ಅವಳಿಗೇನು ಗೊತ್ತು ಎಂದು ಅವರು ಮುಖ ಮುಖ ನೋಡಿಕೊಂಡು ನಗುತ್ತಾರೆ. ಹಳೇ ಕಾಲದವಳು ಎನ್ನುವುದು ನಿಜ. ಗೊತ್ತಿಲ್ಲ ಎನ್ನುವುದು ಸುಳ್ಳು.

ತೊಂಬತ್ತರ ದಶಕದ ನಡುವಿನ ವರ್ಷಗಳವು. ನಮ್ಮ ಮನೆಯವರು ವಿಮಾ ಕಂಪನಿಯಲ್ಲಿ ಅಧಿಕಾರಿ. ಧಾರವಾಡದಿಂದ ವರ್ಗವಾಗಿ ಮೊದಲು ಸೂರತ್ತಿನಲ್ಲಿದ್ದೆವು, ಆಮೇಲೆ ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಗೆ ಬಂದೆವು. ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಕಿವಿ ಕೇಳದ ಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿ, ಊರಲ್ಲಿ ಕೆಲಸ ಸಿಗದೆ ಕೂತಿದ್ದಳು. ವಡೋದರಾದಲ್ಲಿ ಅಂಥದೊಂದು ಶಾಲೆ ಇದೆ ಎಂದು ತಿಳಿದದ್ದೇ ತಡ, ನಾನು ಅವಳಿಂದ ಅರ್ಜಿ ಹಾಕಿಸಿದೆ. ಆರು ತಿಂಗಳಲ್ಲಿ ಅವಳು ಗುಜರಾತಿ ಕಲಿತಳು. ನನಗೆ ಆ ರಾಜ್ಯದಲ್ಲಿ ಅಷ್ಟು ವರ್ಷವಾದರೂ ತರಕಾರಿಯವನ ಜೊತೆ ಮುರುಕು ಹಿಂದಿಯೇ ಗತಿ.

ಅವಳದು ಎಲ್ಲಕ್ಕಿಂತ ಚಿಕ್ಕ ಮಕ್ಕಳ ತರಗತಿ. ಐದಾರು ವರ್ಷದ ಎಂಟು ಮಕ್ಕಳು ಅರ್ಧ ಸುತ್ತಿನಲ್ಲಿ ಕುಳಿತು, ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳ ಬಾಯಿಯನ್ನೇ ನೋಡುತ್ತಿದ್ದರು. ಅವಳು ಗುಜರಾತಿಯಲ್ಲಿ ನೀರಿಗೆ ಪಾಣಿ ಅಂದರೆ ತುಟಿ ಹೇಗೆ ಕೂಡಿ ಬಿಡುತ್ತದೆ, ತಾಯಿಗೆ ಬಾ ಅಂದರೆ ಹೇಗೆ ತೆರೆಯುತ್ತದೆ, ಅದನ್ನು ಕಣ್ಣಿಂದಲೇ ಹಿಡಿಯಬೇಕು. ತುಟಿ ಓದಲು ಬಂದರೆ ಆ ಮಕ್ಕಳಿಗೆ ನಾಳೆ ಅಂಗಡಿಯವನ ಮಾತು, ತಾಯಿಯ ಮಾತು ತಿಳಿಯುತ್ತದೆ, ಬಾರದಿದ್ದರೆ ಇಲ್ಲ. ತಂಗಿಗೆ ಆ ತರಗತಿಯೇ ಜೀವ. ಮದುವೆಯ ಮಾತು ಬಂದಾಗಲೆಲ್ಲ ಆ ಎಂಟು ಮಕ್ಕಳ ಸುದ್ದಿ ತೆಗೆದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ತೊಂದರೆ ಏನೆಂದರೆ ನಮ್ಮ ಮನೆತನದವರ ತುಟಿ ತೀರಾ ತೆಳ್ಳಗೆ. ತಂಗಿಯದಂತೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ಹಾಗಿತ್ತು. ಒಮ್ಮೆ ಹೊರಗಿನಿಂದ ಬಂದ ತಜ್ಞರೊಬ್ಬರು ಅವಳ ತರಗತಿಯ ಹಿಂದೆ ಕುಳಿತು ನೋಡಿ, ನಿಮ್ಮ ತುಟಿಯ ಚಲನೆ ಮಕ್ಕಳಿಗೆ ಕಾಣುತ್ತಿಲ್ಲ, ಕೊನೆಯಲ್ಲಿ ಕೂತ ಹುಡುಗಿ ನಿಮ್ಮನ್ನು ಓದುವುದನ್ನೇ ಬಿಟ್ಟಿದ್ದಾಳೆ ಎಂದು ಹೇಳಿ ಹೋದರಂತೆ. ಇದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಆಗ ನನಗೆ ಕಂಡದ್ದು ಇಷ್ಟೇ: ಪೌಡರು ಸಹ ಹಚ್ಚದ ನನ್ನ ತಂಗಿ ರಜೆಗೆ ಸ್ಯಾಟಲೈಟಿನ ಮನೆಗೆ ಬಂದಾಗ ದಟ್ಟ ಕೆಂಪು ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದಳು.

"ಏನವಾ, ಯಾರ ತಲಿ ಕೆಡಸಾಕ ಹೊಂಟೀದಿ?" ಎಂದೆ.

ಅವಳು ನಗಲಿಲ್ಲ. ಕನ್ನಡಿ ಮುಂದೆ ನಿಂತು, ದನಿ ಬಾರದೆ ಬಾಯಿ ಮಾತ್ರ ಆಡಿಸುತ್ತ ಏನೋ ಹೇಳಿಕೊಳ್ಳುತ್ತಿದ್ದಳು. ಆಮೇಲೆ ತಿರುಗಿ ಕೇಳಿದಳು. "ಅಕ್ಕಾ, ಸೂರತ್ತಿನ್ಯಾಗ ನಿನ್ನ ಪಾರ್ಲರಿನಾಕಿ ತುಟಿ ದಪ್ಪ ಮಾಡ್ತಾಳಂತ ಹೇಳಿದ್ದೆಲ್ಲ, ಖರೇನ?"

ನನಗೆ ಹಿಗ್ಗೋ ಹಿಗ್ಗು. ಕಡೆಗೂ ಯಾರೋ ಒಬ್ಬ ಮನಸ್ಸಿಗೆ ಬಂದಿದ್ದಾನೆ ಎಂದುಕೊಂಡೆ. ಯಾಕೆ ಬೇಕು ಎಂದು ಕೇಳಲಿಲ್ಲ. ಕೇಳಿದರೆ ಹುಡುಗಿ ನಾಚಿ ಹಿಂದೆ ಸರಿದಾಳು ಎಂಬ ಹೆದರಿಕೆ. ಆ ವಾರದಲ್ಲೇ ಸೂರತ್ತಿಗೆ ಫೋನು ಮಾಡಿ ದಿನ ಗೊತ್ತು ಮಾಡಿದೆ.

ಆ ಪಾರ್ಲರಿನ ಹೆಂಗಸು ನನಗೆ ಪರಿಚಯವಾದದ್ದು ಸೂರತ್ತಿನ ತರಕಾರಿ ಮಾರುಕಟ್ಟೆಯಲ್ಲಿ. ನನ್ನ ಬೆನ್ನ ಹಿಂದೆ ಯಾರೋ ತನ್ನ ಮಗಳಿಗೆ "ಕೈ ಬಿಡಬ್ಯಾಡ, ಕಳದಹೋಗ್ತೀ" ಎಂದು ಗದರಿದ್ದು ಕೇಳಿ ನಾನು ಕೈಲಿದ್ದ ಹೀರೇಕಾಯಿ ಅಲ್ಲೇ ಬಿಟ್ಟು ತಿರುಗಿದ್ದೆ. ಊರಲ್ಲೇ ಇರುವವರಿಗೆ ಈ ಹಸಿವು ತಿಳಿಯುವುದಿಲ್ಲ. ಪರದೇಶದಂಥ ಊರಿನಲ್ಲಿ ವರ್ಷಗಟ್ಟಲೆ ಇದ್ದು, ನಮ್ಮದೇ ಸೀಮೆಯ ಕನ್ನಡ ಕಿವಿಗೆ ಬಿದ್ದರೆ ಕಾಲು ತಾನಾಗಿ ಅತ್ತ ಎಳೆಯುತ್ತದೆ. ಹುಬ್ಬಳ್ಳಿಯ ಹತ್ತಿರದವಳು. ಗಂಡ ಪಾಂಡೇಸರಾದ ಒಂದು ಬಣ್ಣದ ಮಿಲ್ಲಿನಲ್ಲಿ, ಸೀರೆಗೆ ಬಣ್ಣ ಕಟ್ಟುವ ಕಡೆ ಮೇಲ್ವಿಚಾರಕ. ಇವಳು ಮನೆಯ ಹಿಂದಿನ ಕೋಣೆಯಲ್ಲೇ ಹುಬ್ಬು ತೀಡುವುದು, ಫೇಶಿಯಲ್, ಮದುಮಕ್ಕಳಿಗೆ ಮೆಹೆಂದಿ ನಡೆಸುತ್ತಿದ್ದಳು. ನಾನು ಹುಬ್ಬು ತೀಡಿಸಿಕೊಳ್ಳಲು ಹೋಗುತ್ತಿದ್ದದ್ದಕ್ಕಿಂತ ಮಾತಾಡಲು ಹೋಗುತ್ತಿದ್ದದ್ದೇ ಹೆಚ್ಚು.

ಆ ದಿನ ನಾವಿಬ್ಬರೂ ಹೋದಾಗ ಒಗ್ಗರಣೆ ಅವಲಕ್ಕಿ, ಚಹಾ ಸಿದ್ಧವಾಗಿತ್ತು. ಗೋಡೆಯ ಮೇಲೆ ಕನ್ನಡದ ಕ್ಯಾಲೆಂಡರು. ತಂಗಿಗೆ ಕೇಳಿದ್ದೂ ಕೇಳಿದ್ದೇ: ಓದಿದ್ದು ಎಲ್ಲಿ, ಸೋದರಮಾವನ ಮನೆ ಯಾವ ಓಣಿ, ತಾಯಿಯ ತವರು ಎಲ್ಲಿ. ನಾನೂ ಅವಳ ಅಣ್ಣನ ಮಗನ ಮುಂಜಿವೆಯ ಸುದ್ದಿ ಕೇಳಿದೆ. ಒಂದು ತಾಸು ಹೀಗೆ ಬಂಧುಬಳಗದ ವಿಚಾರಣೆ ನಡೆಯಿತು. ಅವಳು ಈ ಕೆಲಸ ಕಲಿತದ್ದು ಎಲ್ಲಿ, ಯಾರ ಕೈ ಕೆಳಗೆ, ಒಳಗೆ ಹಾಕುವ ವಸ್ತು ಯಾವುದು, ನನ್ನ ತಲೆಗೆ ಒಂದೂ ಹೊಳೆಯಲಿಲ್ಲ. ಊರು, ಓಣಿ, ತವರು ಗೊತ್ತಾದ ಮೇಲೆ ಇನ್ನೇನು ಗೊತ್ತಾಗಬೇಕು ಎನ್ನುವ ಧಾಟಿ ನನ್ನದು. ಒಬ್ಬ ಗುಜರಾತಿ ಹೆಂಗಸಾಗಿದ್ದರೆ ನಾನು ಹತ್ತು ಸಲ ಬುಡ ಕೆದಕುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅವಳು ಹೊಸ ಸಿರಿಂಜನ್ನು ನಮ್ಮೆದುರೇ ಕವರು ಹರಿದು ತೆಗೆದಳು. ಅದನ್ನು ನೋಡಿ ನಾನು, ಎಷ್ಟು ಸ್ವಚ್ಛ ನೋಡು ಎಂದು ತಂಗಿಗೆ ಕಣ್ಸನ್ನೆ ಮಾಡಿದೆ. ಕಪಾಟಿನಿಂದ ಒಂದು ಚಿಕ್ಕ ಗಾಜಿನ ಸೀಸೆ ತಂದಳು. ಒಳಗೆ ತಿಳಿ ಎಣ್ಣೆಯಂಥದು. ಮೇಲೆ ಚೀಟಿ ಇರಲಿಲ್ಲ. ತುಟಿಗೆ ಐಸಿನ ತುಂಡು ಒತ್ತಿಕೊಂಡು ಕೂತಿದ್ದ ತಂಗಿ ಅದನ್ನು ತೆಗೆದು ಕೇಳಿದಳು. "ಅದು ಏನ್ರೀ?"

"ಫಾರಿನ್ ಮಾಲು," ಎಂದಳು ಅವಳು. "ಮುಂಬೈನಾಗ ಎಲ್ಲಾರೂ ಹಾಕಸ್ಕೋತಾರ."

"ಅಂದ್ರ ಹೆಸರೇನು?" ತಂಗಿ ಮತ್ತೆ ಕೇಳಿದಳು.

ಆಗ ನಾನು ಬಾಯಿ ಹಾಕಿದೆ. "ಸುಮ್ನ ಕೂಡ. ಅವರು ನಮ್ಮವರು. ನಮಗ ಕೆಟ್ಟ ಮಾಡ್ತಾರೇನು?"

ತಂಗಿ ಐಸಿನ ತುಂಡನ್ನು ಮತ್ತೆ ತುಟಿಗೆ ಒತ್ತಿಕೊಂಡಳು. ಮೇಲ್ತುಟಿಗೆ ನಾಲ್ಕು ಕಡೆ, ಕೆಳತುಟಿಗೆ ಎರಡು ಕಡೆ ಸೂಜಿ ಹೋಯಿತು. ಅವಳ ಕಣ್ಣಿಂದ ನೀರು ಕಿವಿಯ ಕಡೆ ಹರಿಯಿತು. ನಾನು ಸೆರಗಿನಿಂದ ಒರೆಸಿದೆ, ಇನ್ನೊಂದು ಕ್ಷಣ, ಇನ್ನೊಂದು ಕ್ಷಣ ಎನ್ನುತ್ತ.

ಮೂರು ದಿನ ತುಟಿ ಊದಿಕೊಂಡಿತ್ತು. ಆಮೇಲೆ ಇಳಿದು ಒಂದು ಹದಕ್ಕೆ ಬಂತು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಕಾಣುತ್ತಿತ್ತು. ಎರಡು ವಾರದ ಮೇಲೆ ಭಾನುವಾರ ಎಸ್‌ಟಿಡಿ ಬೂತಿನಿಂದ ತಂಗಿಯ ಫೋನು. ಇಷ್ಟು ಸಂತೋಷದ ದನಿಯನ್ನು ನಾನು ಅವಳ ಬಾಯಲ್ಲಿ ಕೇಳಿರಲಿಲ್ಲ.

"ಅಕ್ಕಾ, ಆ ಕೊನೀಗೆ ಕೂಡೂ ಹುಡುಗಿ ಇದ್ದಾಳಲ್ಲ, ನಿನ್ನೆ ನನ್ನ ಬಾಯಿ ನೋಡಿ ಐದು ಮಾತು ಹಿಡದಳು. ಐದು!"

"ಯಾವ ಹುಡುಗಿ? ಹುಡುಗನ ಸುದ್ದಿ ಹೇಳು," ಎಂದೆ.

"ಯಾವ ಹುಡುಗ?" ಎಂದಳು ಅವಳು.

ಆಗ ಎಲ್ಲ ಹೊರಬಿತ್ತು. ತಜ್ಞರು ಬಂದದ್ದು, ಹೇಳಿದ್ದು, ಅವಳು ರಾತ್ರಿಯೆಲ್ಲ ಅತ್ತದ್ದು, ಲಿಪ್‌ಸ್ಟಿಕ್ ಹಚ್ಚಿದರೂ ಸಾಲದೆ ಹೋದದ್ದು. ಮದುವೆ ಗಂಡಿಗಾಗಿ ಚುಚ್ಚಿಸಿಕೊಂಡರೆ ಅರ್ಥವಾಗುತ್ತದೆ. ಯಾರದೋ ಮಕ್ಕಳು ತನ್ನ ಮಾತು ಓದಲಿ ಎಂದು ತುಟಿಗೆ ಸೂಜಿ ಹಾಕಿಸಿಕೊಳ್ಳುವವರು ಉಂಟೇ? ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸಿ ಫೋನಿಟ್ಟ ಮೇಲೆ ನನಗೇ ಅಳು ಬಂತು. ಮನೆಯವರು ಪೇಪರಿನಿಂದ ತಲೆ ಎತ್ತಿ ನೋಡಿ, ಮತ್ತೆ ಪೇಪರಿಗೆ ಹೋದರು.

ಮೂರನೇ ತಿಂಗಳಿಂದ ಅವಳ ಫೋನು ಚಿಕ್ಕದಾಗುತ್ತ ಬಂತು. ಮಾತು ತೊದಲಿದಂತೆ ಕೇಳುತ್ತಿತ್ತು. ಕೇಳಿದರೆ ನೆಗಡಿ ಎನ್ನುತ್ತಿದ್ದಳು. ನವರಾತ್ರಿಗೆ ಬರುತ್ತೇನೆಂದವಳು ಬರಲಿಲ್ಲ. ದೀಪಾವಳಿಗೆ ಇನ್ನು ಹತ್ತು ದಿನವಿದೆ ಎನ್ನುವಾಗ ನಾನು ಹೇಳದೆ ಕೇಳದೆ ವಡೋದರಾದ ರೈಲು ಹತ್ತಿದೆ. ಡಬ್ಬಿಯಲ್ಲಿ ಅವಳಿಗಿಷ್ಟವಾದ ಕರದಂಟು ಇತ್ತು.

ಬಾಗಿಲು ತೆಗೆದವಳು ಮೂಗಿನಿಂದ ಕೆಳಗೆ ಕರವಸ್ತ್ರ ಹಿಡಿದಿದ್ದಳು. ತೆಗೆ ಎಂದೆ. ತೆಗೆಯಲಿಲ್ಲ. ನಾನೇ ಕೈ ಹಿಡಿದು ಎಳೆದೆ.

ಅಯ್ಯೋ ಎಂದು ಕೂಗಿದ್ದು ನನಗೇ ತಿಳಿಯಲಿಲ್ಲ. ಎದುರು ಮನೆಯವರು ಬಾಗಿಲು ತೆರೆದು ನೋಡಿದ ಮೇಲೆ ತಿಳಿಯಿತು. ಮೇಲ್ತುಟಿ ನೇರಳೆ ಬಣ್ಣಕ್ಕೆ ತಿರುಗಿ ಮುಂದೆ ಚಾಚಿಕೊಂಡಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ಅದರೊಳಗೆ ಎರಡು ಕಡೆ ಶೇಂಗಾ ಕಾಳಿನಷ್ಟು ಗಂಟು ಎದ್ದು ಕಾಣುತ್ತಿದ್ದವು. ಮುಟ್ಟಿದೆ. ಕಲ್ಲಿನಂತೆ ಗಟ್ಟಿ. ಇದು ನನ್ನ ತಂಗಿಯ ಬಾಯಿ ಎಂದು ನಂಬಲು ಮನಸ್ಸು ಒಪ್ಪದೆ, ಹೊಸ್ತಿಲಲ್ಲೇ ನಿಂತುಬಿಟ್ಟೆ.

"ಎಷ್ಟ ದಿನಾತು?"

"ಒಂದ ತಿಂಗಳಾತು. ಇಳೀತದ ಅನ್ಕೊಂಡಿದ್ದೆ," ಎಂದಳು. ಶಾಲೆಯಲ್ಲಿ ಜ್ವರ ಎಂದು ಹೇಳಿ ಹೋಗುವುದನ್ನೇ ಬಿಟ್ಟಿದ್ದಳು.

ಆ ದಿನವೇ ಅವಳನ್ನು ಅಹಮದಾಬಾದಿಗೆ ಕರೆತಂದೆ. ಮನೆಯವರ ಕಚೇರಿಯವರು ಯಾರೋ ಹೇಳಿದ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದೆವು. ವಯಸ್ಸಾದ ಗುಜರಾತಿ ಡಾಕ್ಟರು, ಹಿಂದಿಯಲ್ಲಿ ನಿಧಾನವಾಗಿ ಮಾತಾಡುವವರು. ಪೆನ್ನು ತೆರೆದು ಒಂದೊಂದೇ ಕೇಳಿದರು. ಒಳಗೆ ಏನು ಹಾಕಿದ್ದಾರೆ? ಗೊತ್ತಿಲ್ಲ. ಎಷ್ಟು ಹಾಕಿದ್ದಾರೆ? ಗೊತ್ತಿಲ್ಲ. ಹಾಕಿದವರು ಡಾಕ್ಟರೇ? ಅಲ್ಲ. ಮೊದಲು ತೋಳಿನ ಮೇಲೆ ಪರೀಕ್ಷೆ ಮಾಡಿದ್ದರೇ? ಇಲ್ಲ. ಚೀಟಿ, ಬಿಲ್ಲು, ಸೀಸೆ, ಏನಾದರೂ? ಇಲ್ಲ. ಅವರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

ತುಟಿಗೆ ತುಂಬಿಸಲು ಆಗ ವಿದೇಶದ ಡಾಕ್ಟರುಗಳು ಬಳಸುತ್ತಿದ್ದದ್ದು ದನದ ಚರ್ಮದಿಂದ ತೆಗೆದ ಒಂದು ವಸ್ತುವಂತೆ. ಅದನ್ನು ಮೊದಲು ಮುಂದೋಳಿಗೆ ಒಂದು ಹನಿ ಚುಚ್ಚಿ, ಒಂದು ತಿಂಗಳು ಕಾದು, ಕೆಂಪಾಗದಿದ್ದರೆ ಮಾತ್ರ ತುಟಿಗೆ ಹಾಕುತ್ತಾರಂತೆ. ಹಾಕಿದರೂ ಕೆಲವೇ ತಿಂಗಳಲ್ಲಿ ಮೈಯೊಳಗೇ ಕರಗಿಹೋಗುತ್ತದಂತೆ. ದನದ ಚರ್ಮ ಎಂದದ್ದೇ ತಡ, ನಾನು ರಾಮ ರಾಮ ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಡಾಕ್ಟರು ನನ್ನ ಕಡೆ ನೋಡಿ, ಅದೇ ಆಗಿರಲಿ ಎಂದು ಬೇಡಿಕೊಳ್ಳಿ, ಅದಾದರೆ ತಾನಾಗಿ ಹೋಗುತ್ತದೆ ಎಂದರು. ಈರುಳ್ಳಿ ಮುಟ್ಟದ ವಾರಗಳನ್ನು ಪಾಲಿಸುವ ನಾನು ಅಲ್ಲಿ ಕುಳಿತು, ದೇವರೇ, ನನ್ನ ತಂಗಿಯ ತುಟಿಯಲ್ಲಿರುವುದು ದನದ ಚರ್ಮವೇ ಆಗಿರಲಪ್ಪಾ ಎಂದು ಬೇಡಿಕೊಂಡೆ.

ಏನು ಹಾಕಿದ್ದಾರೆ ಎಂದು ತಿಳಿದುಕೊಂಡು ಬನ್ನಿ, ತಿಳಿಯದೆ ನಾನು ಕತ್ತರಿ ಹಿಡಿಯಲಾರೆ ಎಂದರು ಡಾಕ್ಟರು.

ಮರುದಿನ ನಾನೂ ಮನೆಯವರೂ ಸೂರತ್ತಿಗೆ ಹೋದೆವು. ದಾರಿಯುದ್ದಕ್ಕೂ ಆ ಹೆಂಗಸಿಗೆ ಹೇಗೆ ಬೈಯಬೇಕು ಎಂದು ಮನಸ್ಸಿನಲ್ಲೇ ಪಾಠ ಮಾಡಿಕೊಂಡಿದ್ದೆ. ಬಾಗಿಲು ತೆಗೆದವಳು ನಗುತ್ತ "ಬರ್ರಿ ಬರ್ರಿ, ಸಾಹೇಬ್ರನೂ ಕರಕೊಂಡ ಬಂದೀರಿ!" ಎಂದಳು. ತುಟಿಗೆ ಎಂದಿನಂತೆ ಗಾಢ ಲಿಪ್‌ಸ್ಟಿಕ್ ಇತ್ತು. ನಾನು ಚಪ್ಪಲಿ ಬಿಡದೆ, "ಅವತ್ತ ಹಾಕಿದ್ದು ಏನು? ತಗೊಂಡ ಬಾ ಇಲ್ಲೆ," ಎಂದೆ.

ಅವಳು ಮುಚ್ಚಿಡಲಿಲ್ಲ. ಅದೇ ನನಗೆ ಇವತ್ತಿಗೂ ಅರಗದ ಸಂಗತಿ. ಅಡಿಗೆಮನೆಗೆ ಹೋಗಿ ಕಟ್ಟೆಯ ಕೆಳಗಿಂದ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನು ಎಳೆದು ತಂದಳು. ಐದು ಲೀಟರಿನದು ಇದ್ದೀತು. ಮೇಲಿನ ಚೀಟಿ ಅರ್ಧ ಹರಿದಿತ್ತು. ಮನೆಯವರು ಬಗ್ಗಿ ಓದಿದರು. ಓದಿದವರು ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು. ಪಾಂಡೇಸರಾದ ಮಿಲ್ಲುಗಳಲ್ಲಿ ಬೆಂಕಿ ಬಿದ್ದಾಗ ನಷ್ಟ ನೋಡಲು ಹೋಗುತ್ತಿದ್ದವರು ಅವರು. ಸುಟ್ಟ ಗೋದಾಮುಗಳಲ್ಲಿ ಇಂಥ ಡಬ್ಬಗಳನ್ನು ಎಷ್ಟೋ ಸಲ ಪಟ್ಟಿ ಮಾಡಿದ್ದರು.

"ಇದು ಬಟ್ಟಿಗೆ ಹಾಕೂದು," ಎಂದರು. ಅವರ ದನಿ ಎತ್ತರವಾಗಿರಲಿಲ್ಲ. "ಸಿಲಿಕೋನ್ ಎಣ್ಣಿ. ಬಣ್ಣಾ ಹಾಕಿದ ಮ್ಯಾಲೆ ಸೀರಿ ಮೆತ್ತಗ ಆಗ್ಲಿ ಅಂತ ಹಾಕ್ತಾರ."

"ಹೌದ್ರೀ ಸಾಹೇಬ್ರ, ನಮ್ಮ ಮನಿಯವರು ಮಿಲ್ಲಿನಿಂದ ತರ್ತಾರ," ಎಂದಳು ಅವಳು, ಏನೂ ಆಗಿಲ್ಲದವಳಂತೆ. "ಮುಂಬೈನಾಗ ಸಿಲಿಕೋನನ ಹಾಕ್ತಾರಂತ ಪೇಪರಿನ್ಯಾಗ ಓದಿದ್ದೆ. ಅದೂ ಸಿಲಿಕೋನ, ಇದೂ ಸಿಲಿಕೋನ. ಸೀರಿ ಎಷ್ಟ ಮೆತ್ತಗ ಆಗ್ತದ, ತುಟಿ ಯಾಕ ಆಗಬಾರದ ಅಂತ ನಾನ ಮೊದಲ ಹಾಕ್ಕೊಂಡ ನೋಡಿದ್ನಿ."

ರೈಲಿನಲ್ಲಿ ಪಾಠ ಮಾಡಿಕೊಂಡ ಒಂದು ಬೈಗುಳವೂ ಬಾಯಿಗೆ ಬರಲಿಲ್ಲ. ನಾನು ಉಟ್ಟಿದ್ದದ್ದು ಸೂರತ್ತಿನ ಸೀರೆ. ಅದರ ನೆರಿಗೆ ಕೈಗೆ ತಗುಲಿ ಮೈ ಜುಮ್ಮೆಂದಿತು. ಕಡೆಗೆ ತಂಗಿಯ ಸ್ಥಿತಿಯನ್ನು ಹೇಳಿದೆ: ಗಂಟು, ಬಣ್ಣ, ಕಲ್ಲಿನಂಥ ಗಟ್ಟಿ. ನಾನು ಹೇಳುತ್ತ ಹೋದಂತೆ ಅವಳ ಮುಖದ ನಗು ಇಳಿಯಿತು. ಸೆರಗಿನ ತುದಿಯಿಂದ ತುಟಿಯ ಬಣ್ಣವನ್ನು ಉಜ್ಜಿ ತೆಗೆದಳು. ನನ್ನ ಹತ್ತಿರ ಬಂದು ಮೇಲ್ತುಟಿಯನ್ನು ಬೆರಳಿಂದ ಎತ್ತಿ ತೋರಿಸಿದಳು. ಒಳಗೆ ಅದೇ ಗಂಟು. ಒಂದಲ್ಲ, ಸಾಲಾಗಿ ಮೂರು.

"ಹಿಂದಿನ ತಿಂಗಳಿಂದ ಎದ್ದಾವ್ರೀ. ಉಷ್ಣ ಅನ್ಕೊಂಡಿದ್ನಿ," ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ನಿಮ್ಮ ಡಾಕ್ಟರ್ ನನ್ನೂ ನೋಡ್ತಾರೇನ್ರೀ?"

ಇನ್ನೂ ಎಷ್ಟು ಜನಕ್ಕೆ ಹಾಕಿದ್ದೀ ಎಂದು ಮನೆಯವರು ಕೇಳಿದರು. ಅವಳು ಬೆರಳು ಮಡಚಿ ಎಣಿಸತೊಡಗಿದಳು. ಒಂದು ಕೈ ಮುಗಿಸಿ ಇನ್ನೊಂದು ಕೈಗೆ ಬಂದಾಗ ನಾನು ಸಾಕು ಎಂದೆ. ಅವರೆಲ್ಲರ ಮನೆಗೂ ತಾನೇ ಹೋಗಿ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ಹೇಳುತ್ತೇನೆಂದು ಆಣೆ ಮಾಡಿದಳು. ಕ್ಯಾನು ಇನ್ನು ಆ ಮನೆಯಲ್ಲಿ ಉಳಿಯಬಾರದೆಂದು ಮನೆಯವರು ಅದನ್ನು ಕೆಳಗೆ ಹೊರಿಸಿದರು, ಹರಿದ ಚೀಟಿಯನ್ನು ಡಾಕ್ಟರಿಗಾಗಿ ಕಿತ್ತು ಜೇಬಿಗೆ ಹಾಕಿಕೊಂಡರು. ಮರುವಾರ ಆ ಹೆಂಗಸು ಗಂಡನ ಜೊತೆ ಅಹಮದಾಬಾದಿಗೆ ಬಂದಳು. ಡಾಕ್ಟರ ಹೊರಕೋಣೆಯ ಬೆಂಚಿನ ಮೇಲೆ ನನ್ನ ತಂಗಿ ಕೂತಿದ್ದಳು. ಜಗಳವಾಗುತ್ತದೆಂದು ನಾನು ಎದ್ದು ನಿಂತೆ. ತಂಗಿ ಸರಿದು ಅವಳಿಗೆ ಜಾಗ ಬಿಟ್ಟಳು.

ಡಾಕ್ಟರು ಚೀಟಿಯನ್ನು ದೀಪದ ಕೆಳಗೆ ಹಿಡಿದು ಎರಡು ಸಲ ಓದಿದರು. ಇದು ಕರಗುವುದಿಲ್ಲ ಎಂದರು. ಸೂಜಿಯಿಂದ ಹಾಕಿದ್ದನ್ನು ಸೂಜಿಯಿಂದ ಹೊರಗೆಳೆಯಲು ಬರುವುದಿಲ್ಲ. ಅದು ಹನಿಹನಿಯಾಗಿ ಮಾಂಸದೊಳಗೆ ಹರಡಿ ಕೂತಿದೆ, ಮೈ ಅದರ ಸುತ್ತ ಗೋಡೆ ಕಟ್ಟುತ್ತಿದೆ, ಅದೇ ಗಂಟು. ಕೊಯ್ದು ತೆಗೆಯಬೇಕು, ತೆಗೆದರೆ ಜೊತೆಗೆ ತುಟಿಯೂ ಹೋಗುತ್ತದೆ, ಪೂರ್ತಿ ತೆಗೆಯಲು ಯಾರಿಂದಲೂ ಆಗದು. ಹೀಗೆ ಒಂದರ ಮೇಲೊಂದು. ನಾನು ತಂಗಿಯ ಮುಖ ನೋಡಿದೆ. ಅವಳು ಕೇಳಿದ್ದು ಒಂದೇ: "ಡಾಕ್ಟರ್ ಸಾಬ್, ಎರಡು ತುಟಿ ಕೂಡುತ್ತವೆಯೇ?"

ನೋಡೋಣ ಎಂದರು.

ಇಲ್ಲಿ ಒಂದು ಮಾತು. ಈಗಿನ ಔಷಧಿಯೇ ಬೇರೆ, ಸರಿಹೋಗದಿದ್ದರೆ ಕರಗಿಸುವ ಇನ್ನೊಂದು ಇಂಜೆಕ್ಷನ್ನೂ ಉಂಟು ಎಂದು ನಮ್ಮ ಹುಡುಗಿಯರು ನನಗೇ ಪಾಠ ಹೇಳುತ್ತಾರೆ. ಇರಲಿ, ಒಳ್ಳೆಯದೇ. ಹಾಗಾದರೆ ನಿಮ್ಮ ತುಟಿಗೆ ಹಾಕುವುದು ಆ ಕರಗುವಂಥದ್ದೇ ಎಂದು ಸೀಸೆಯ ಮೇಲೆ ಓದಿದಿರಾ? ಮುಚ್ಚಳ ನಿಮ್ಮೆದುರು ಒಡೆದರೇ? ಚುಚ್ಚುವವರು ಡಾಕ್ಟರೋ, ಡಾಕ್ಟರ ಅಂಗಿ ಹಾಕಿಕೊಂಡವರೋ? ಚುಚ್ಚಿದ ಮೇಲೆ ತುಟಿ ಬಿಳುಚಿಕೊಂಡರೆ, ಉರಿದರೆ, ಫೋನು ಎತ್ತುವವರು ಯಾರು, ಕರಗಿಸುವ ಆ ಇನ್ನೊಂದು ಔಷಧಿ ಅವರ ಕಪಾಟಿನಲ್ಲಿ ಇದೆಯೋ ಇಲ್ಲವೋ? ಇಷ್ಟು ಕೇಳಿದರೆ ಹುಡುಗಿಯರು, ಅವರು ನಮ್ಮ ಫ್ರೆಂಡಿಗೆ ಗೊತ್ತಿರೋರು ದೊಡ್ಡಮ್ಮಾ ಎನ್ನುತ್ತಾರೆ. ನಾನು ಮತ್ತೆ ಕೂಗಾಡತೊಡಗುತ್ತೇನೆ.

ಡಿಸೆಂಬರಿನಲ್ಲಿ ಆಪರೇಷನ್ ಆಯಿತು. ಗಂಟುಗಳಲ್ಲಿ ದೊಡ್ಡವನ್ನು ತೆಗೆದರು, ಚಿಕ್ಕವು ಒಳಗೇ ಉಳಿದವು. ಗಾಯ ಮಾಗಿದ ಮೇಲೆ ಮೇಲ್ತುಟಿ ಒಂದು ಕಡೆ ಎಳೆದುಕೊಂಡಿತ್ತು, ಬಿರುಸಾಗಿತ್ತು. ನಾನು ದಿನಾ ಕಿಟಕಿಯ ಬೆಳಕಿಗೆ ಅವಳ ಗದ್ದ ಹಿಡಿದು ತಿರುಗಿಸಿ ನೋಡುತ್ತಿದ್ದೆ. ಇವತ್ತು ಗೆರೆ ಕಡಿಮೆ ಕಾಣುತ್ತದೆ, ಇವತ್ತು ಬಣ್ಣ ತಿಳಿಯಾಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅವಳು ಮಾತ್ರ ಕನ್ನಡಿಯ ಮುಂದೆ ಕುಳಿತು ಪ, ಬ, ಮ ಹೇಳುತ್ತಿದ್ದಳು. ಆ ಅಕ್ಷರಗಳಿಗೆ ಎರಡು ತುಟಿಯೂ ಮುಟ್ಟಬೇಕು. ಮೇಲಿನದು ಕೆಳಗಿಳಿಯುತ್ತಿರಲಿಲ್ಲ.

ಶಾಲೆಯ ಮುಖ್ಯಸ್ಥೆಯನ್ನು ಅಲ್ಲಿ ಎಲ್ಲರೂ ಮೋಟಾ ಬೆನ್, ಅಂದರೆ ದೊಡ್ಡಕ್ಕ, ಎನ್ನುತ್ತಿದ್ದರು. ಒಳ್ಳೆಯ ಹೆಂಗಸು. ಒಂದು ದಿನ ತರಗತಿ ತೆಗೆದುಕೊಳ್ಳಲಿ, ನೋಡೋಣ; ಮಕ್ಕಳು ಓದಿದರೆ ತರಗತಿ ಅವಳದೇ, ಓದದಿದ್ದರೆ ಬೇರೆಯವರಿಗೆ ಕೊಡದೆ ನನಗೆ ದಾರಿಯಿಲ್ಲ ಎಂದರು. ಸಂಕ್ರಾಂತಿ ಕಳೆದ ಮೇಲಿನ ಒಂದು ಬೆಳಿಗ್ಗೆ ನಾನೂ ತಂಗಿಯ ಜೊತೆ ಹೋದೆ. ಮೋಟಾ ಬೆನ್ ಪಕ್ಕದಲ್ಲಿ, ಕೋಣೆಯ ಹಿಂದೆ ಒಂದು ಚಿಕ್ಕ ಕುರ್ಚಿಯ ಮೇಲೆ ಕುಳಿತೆ.

ಎಂಟೂ ಮಕ್ಕಳು ಅವಳನ್ನು ಕಂಡು ಎದ್ದು ಓಡಿಬಂದು ಕಾಲಿಗೆ ಸುತ್ತಿಕೊಂಡವು. ಆಮೇಲೆ ತಮ್ಮ ತಮ್ಮ ಜಾಗದಲ್ಲಿ ಕುಳಿತು, ಕಲಿತಿದ್ದ ಹಾಗೆ, ಅವಳ ಬಾಯಿಯ ಮೇಲೆ ಕಣ್ಣಿಟ್ಟವು. ತಂಗಿ ಒಂದು ಮಾತು ಹೇಳಿದಳು. ಮಕ್ಕಳು ನೋಡಿದವು. ಯಾರೂ ತಿರುಗಿ ಹೇಳಲಿಲ್ಲ. ಅವಳು ಮತ್ತೆ ಹೇಳಿದಳು, ನಿಧಾನವಾಗಿ, ಕುತ್ತಿಗೆಯ ನರ ಎದ್ದು ಕಾಣುವಷ್ಟು ಬಲ ಹಾಕಿ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಮೂರನೆಯ ಸಲ ಹೇಳುವಾಗ ಒಂದು ಮಗು ಕಣ್ಣು ಬೇರೆ ಕಡೆ ತಿರುಗಿಸಿತು, ಇನ್ನೊಂದು ತನ್ನ ಬೂಟಿನ ದಾರ ಹಿಡಿದುಕೊಂಡಿತು. ಪಕ್ಕದಲ್ಲಿ ಮೋಟಾ ಬೆನ್ ತಲೆ ತಗ್ಗಿಸಿದ್ದನ್ನು ನಾನು ಕಂಡೆ. ಮುಗಿಯಿತು ಎಂದು ಆಗಲೇ ಗೊತ್ತಾಯಿತು. ಸೋಮವಾರದಿಂದ ಆ ತರಗತಿ ಬೇರೊಬ್ಬ ಶಿಕ್ಷಕಿಗೆ ಹೋಯಿತು, ತಂಗಿಗೆ ದೊಡ್ಡ ಹುಡುಗಿಯರ ಹೊಲಿಗೆಯ ಕೋಣೆ ಕೊಟ್ಟರು.

ಆದರೆ ಆ ಬೆಳಿಗ್ಗೆ ಇನ್ನೊಂದು ನಡೆಯಿತು. ಕೊನೆಯಲ್ಲಿ ಕೂರುವ ಆ ಹುಡುಗಿ ಎದ್ದು ತಂಗಿಯ ಹತ್ತಿರ ಬಂದಳು. ಕಣ್ಣಿಗೆ ಸಿಗದ ಮಾತನ್ನು ಕೈಯಿಂದ ಹಿಡಿಯುವುದು ಆ ಶಾಲೆಯ ಮಕ್ಕಳಿಗೆ ರೂಢಿ. ತಂಗಿ ಮಂಡಿಯೂರಿ ಕುಳಿತಳು. ಹುಡುಗಿ ಒಂದು ಅಂಗೈಯನ್ನು ಅವಳ ಗಂಟಲಿನ ಮೇಲಿಟ್ಟಳು, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲೆ. ಬೆರಳಿಗೆ ಒಳಗಿನ ಗಟ್ಟಿ ಗಂಟು ಸಿಕ್ಕಿತು. ಸರಕ್ಕನೆ ಕೈ ಹಿಂದೆ ತೆಗೆದುಕೊಂಡಳು. ತಂಗಿಯ ಕಣ್ಣು ನೋಡಿದಳು. ಆಮೇಲೆ ತನ್ನದೇ ತುಟಿಯನ್ನು ಮುಟ್ಟಿಕೊಂಡು, ಹುಬ್ಬು ಗಂಟು ಹಾಕಿ, ಆ ಮಕ್ಕಳಿಗೆ ಬರುವ ಒರಟು ದನಿಯಲ್ಲಿ ಕೇಳಿದಳು. "ದುಖೆ ಛೆ?" ನೋಯುತ್ತದೆಯೇ ಎಂದು.

ತಂಗಿ ಹೌದು ಎಂದು ತಲೆಯಾಡಿಸಿದಳು. ಒಂದು ಸಲವಲ್ಲ, ಬಹಳ ಸಲ.

ಡಾಕ್ಟರು ಪ್ರತಿ ಸಲ ತುಟಿ ಒತ್ತಿ ನೋವಿದೆಯೇ ಎಂದು ಕೇಳಿದ್ದರು. ಪ್ರತಿ ಸಲವೂ ಅವಳು ಇಲ್ಲ ಎಂದಿದ್ದಳು.

ಶಾಲೆಯಿಂದ ಸ್ಟೇಷನ್ನಿಗೆ ಆಟೋದಲ್ಲಿ ಹೋಗುವಾಗ ಕೇಳಿದೆ. "ಇಷ್ಟ ದಿನಾ ಡಾಕ್ಟರ್ ಮುಂದ ಯಾಕ ಹೇಳಲಿಲ್ಲ?"

ಅವಳು ಸೆರಗನ್ನು ಬಾಯಿಯಿಂದ ತೆಗೆಯದೆ ಹೇಳಿದಳು. "ಅವರು ಕೇಳಿದಾಗೆಲ್ಲಾ ನೀ ಬಾಜೂಕ ನಿಂತಿರ್ತಿದ್ದೆಲ್ಲ, ಅಕ್ಕಾ. ನಾ ಹೌದು ಅಂದಿದ್ರ ನಿನಗ ತಡಕೊಳ್ಳಾಕ ಆಗ್ತಿತ್ತೇನು?"

ಆಟೋ ಸ್ಟೇಷನ್ನಿನ ಮುಂದೆ ನಿಂತಿತು. ಅವಳು ಮೊದಲು ಇಳಿದು, ನನ್ನ ಚೀಲವನ್ನು ತಾನೇ ಎತ್ತಿಕೊಂಡಳು.